‘ಎವಿಲಿನಾ’ ಮತ್ತು ಅದರ ವಾಚಕರು

ಗದ್ಯಕಥೆಗೆ ನಮ್ಮವರು ಬಾಣಭಟ್ಟನ ನಾಯಿಕೆಯ ಹೆಸರನ್ನೇ ಇಟ್ಟು ‘ಕಾದಂಬರಿ’ಯೆಂದು ಕರೆದರು. ಹೆಸರು ದೊಡ್ಡದಾದರೂ ಮನೆಗಳಲ್ಲಿ ಅದಕ್ಕೆ ದೊರೆತ ಮರ್ಯಾದೆ ಅಷ್ಟಕ್ಕಷ್ಟೆ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಲಘುಕೌಮುದಿಯ ಮರೆಯಲ್ಲಿ ಇಂಥದೊಂದು ಪುಸ್ತಕವನ್ನಿಟ್ಟುಕೊಂಡು ಸಿಕ್ಕಿಬಿದ್ದೆನು. ಗುರುಗಳು ಅದನ್ನು ಕಸಿದುಕೊಂಡು, ಕಾವ್ಯಾಲಾಪವನ್ನು ವರ್ಜಿಸಬೇಕೆಂಬ ಸ್ಮೃತಿವಚನವನ್ನು ಹೇಳಿದರು. ಆ ವಚನವು ಅಸತ್ಕಾವ್ಯಕ್ಕೆ ಮಾತ್ರ ಸಂಬಂಧಿಸಿದುದೆಂದು ಮಲ್ಲಿನಾಥನು ರಘುವಂಶದ ವ್ಯಾಖ್ಯಾನದ ಆರಂಭದಲ್ಲಿಯೇ ಸಮಾಧಾನ ಹೇಳಿರುವನಷ್ಟೆ. ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿಬಿಡುವ ಧೈರ್ಯವಿರಲಿಲ್ಲ. ಅದಿರಲಿ. ಯಾವುದು ಸತ್, ಯಾವುದು ಅಸತ್ ಎಂದು ತೀರ್ಮಾನಿಸುವವರು ಯಾರು? ಇಂಗ್ಲೆಂಡಿನಲ್ಲಿ 1778ರಲ್ಲಿ ಹೊರಬಿದ್ದ ಒಂದು ಹಗುರವಾದ ಪ್ರಣಯಕಥೆಯ ವಿಷಯದಲ್ಲಿ ಈ ಪ್ರಶ್ನೆ ಎದ್ದ ಬಗೆಯನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇನೆ.

ಆ ಗ್ರಂಥದ ಹೆಸರು ‘ಎವಿಲಿನಾ’. ಹಳ್ಳಿಗಾಡಿನಲ್ಲಿ ಒಬ್ಬ ವೃದ್ಧ ಪಾದ್ರಿಯ ಪೋಷಣೆಯಲ್ಲಿ ಬೆಳೆದ, ತಂದೆಯಿಂದ ಮಗಳೆಂದು ಅಂಗೀಕೃತಳಾಗದ ಹದಿನೇಳು ವರ್ಷದ ಕನ್ಯೆಯೊಬ್ಬಳು ಮೊದಲ ಸಲ ಲಂಡನ್ ನಗರಕ್ಕೆ ಬರುವಳು. ಅಲ್ಲಿಯ ನಾಟಕಶಾಲೆ, ನೃತ್ಯಕೂಟ, ವಾಕ್ಸ್‌ಹಾಲ್ ಮೊದಲಾದ ವಿಹಾರೋದ್ಯಾನಗಳಲ್ಲಿ ತಾನು ಪಟ್ಟ ಬೆರಗನ್ನೂ ಸಂಕೋಚವನ್ನೂ ಪೋಷಕನಿಗೆ ಕಾಗದಗಳಲ್ಲಿ ಬರೆಯುವಳು. ಕೊನೆಗೆ ಲಾರ್ಡ್ ಆರ್ವಿಲ್ ಎಂಬ ಸಜ್ಜನನೊಡನೆ ವಿವಾಹವಾಗುವುದು. ಕಥೆ ಇಷ್ಟೆ. ಗ್ರಂಥದ ಸತ್ತ್ವವಿರುವುದು ನಾಯಿಕೆಯ ಬಂಧುಗಳಾದ ಬ್ರ್ಯಾಂಗ್ಟನ್ ಕುಟುಂಬದವರಲ್ಲಿ. ತಂದೆ ಸ್ನೋ ಹಿಲ್ ಬೀದಿಯ ಬೆಳ್ಳಿಯ ವ್ಯಾಪಾರಿ. ಸಂಗೀತನಾಟಕದ ಬಾಗಿಲಲ್ಲಿ ಚೀಟಿಯ ಬೆಲೆಗಾಗಿ ಚೌಕಾಸಿ ಮಾಡಿ, ಒಳಹೊಕ್ಕ ಮೇಲೆ ಹಾಡುವ ಭಾಷೆ ತಿಳಿಯದೆಂದು ಗೊಣಗುವ ಜನ. ಅವರ ಮನೆಯಲ್ಲಿ ಬಾಡಿಗೆಗಿರುವ ಸ್ಮಿತ್ ಎಂಬವನು ತನ್ನನ್ನು ಮಹಾರಸಿಕನೆಂದೇ ಎಣಿಸಿದವನು.

ಇದನ್ನು ಬರೆದವಳು ಸಂಗೀತದ ಇತಿಹಾಸಕಾರನಾದ ಡಾಕ್ಟರ್ ಚಾರ್ಲ್ಸ್ ಬರ್ನಿಯ ಮಗಳು ಫ್ಯಾನಿ ಬರ್ನಿ. ಕಥೆ ಬರೆಯುವುದು ಕುಲಸ್ತ್ರೀಗೆ ಒಪ್ಪದ ಚಾಪಲ್ಯವೆಂದು ಹೆದರಿ, ಹದಿನೈದನೆಯ ವರ್ಷದಲ್ಲಿಯೇ ತನ್ನ ಬರಹಗಳನ್ನೆಲ್ಲ ಬೆಂಕಿಗೆ ಹಾಕಿದವಳು. ಆದರೆ ಚಪಲವು ಸುಡಲಿಲ್ಲ. ತಂದೆಯ ಗ್ರಂಥಗಳಿಗೆ ಪ್ರತಿ ಮಾಡಿಕೊಡುತ್ತಿದ್ದುದರಿಂದ ತನ್ನ ಅಕ್ಷರವನ್ನು ಅಚ್ಚುಕೂಟದವರು ಗುರುತಿಸಿಯಾರೆಂದು ಕೈಬರಹವನ್ನೇ ಬದಲಿಸಿಕೊಂಡು ರಾತ್ರಿಹೊತ್ತು ಪ್ರತಿ ಮಾಡಿದಳು. ಹಸ್ತಪ್ರತಿಯನ್ನು ತಮ್ಮನೊಬ್ಬನು ವೇಷ ಮರೆಸಿಕೊಂಡು ಪ್ರಕಾಶಕನಿಗೆ ಮುಟ್ಟಿಸಿದನು. ಮೂರು ಸಂಪುಟಗಳ ಗ್ರಂಥಕ್ಕೆ ದೊರೆತ ಸಂಭಾವನೆ ಇಪ್ಪತ್ತು ಗಿನಿಗಳು. ಗ್ರಂಥದಲ್ಲಿ ಕರ್ತೃವಿನ ಹೆಸರಿರಲಿಲ್ಲ. ಅರ್ಪಣೆ ಮಾತ್ರ ಪತ್ರಿಕೆಗಳ ವಿಮರ್ಶಕರಿಗೇ! ಮುನ್ನುಡಿಯಲ್ಲಿ, ಸಾಹಿತ್ಯರಾಜ್ಯದಲ್ಲಿ ಕಾದಂಬರಿಕಾರನಷ್ಟು ಹೀನಸ್ಥಾನದವನು ಬೇರೊಬ್ಬನಿಲ್ಲವೆಂದು ತಾನೇ ಒಪ್ಪಿಕೊಂಡಳು. ಬೈಗಳು ಬೀಳುವ ಮೊದಲೇ ತಲೆ ತಗ್ಗಿಸುವ ಉಪಾಯವಿದು.

ಬೈಗಳು ಬೀಳಲಿಲ್ಲ. ವಿಮರ್ಶಕರು ಮೆಚ್ಚಿದರು. ಮಗಳ ಕೃತಿಯೆಂದು ತಿಂಗಳುಗಳ ಮೇಲೆ ತಿಳಿದ ತಂದೆಯೂ ಓದಿ ಸಂತೋಷಪಟ್ಟನು. ಚಿತ್ರಕಾರ ರೆನಾಲ್ಡ್ಸನು ಊಟವನ್ನು ಮರೆತು ಓದಿದನಂತೆ. ಬರ್ಕ್ ಮಹಾಶಯನು ರಾತ್ರಿಯೆಲ್ಲ ನಿದ್ದೆಗೆಟ್ಟನಂತೆ. ನಿಘಂಟುಕಾರನಾದ ಡಾಕ್ಟರ್ ಜಾನ್ಸನ್ ಎಂಥ ಗಂಭೀರ ಪಂಡಿತನೆಂಬುದನ್ನು ಹೇಳಬೇಕಾಗಿಲ್ಲ. ಅವನು ಮನಸೋತದ್ದು ಲಾರ್ಡ್ ಆರ್ವಿಲ್‌ನಿಗಲ್ಲ, ಬಾಡಿಗೆಮನೆಯ ಸ್ಮಿತ್‌ನಿಗೆ! ಅವನ ಹೆಸರು ಹೇಳಿಹೇಳಿ ನಗುತ್ತಿದ್ದನು. ಜಾನ್ಸನನು ಮೆಚ್ಚಿದನೆಂಬ ಕಾಗದ ತಲುಪಿದಾಗ ಫ್ಯಾನಿಯು ಚೆಸಿಂಗ್ಟನ್ ಎಂಬ ಊರಿನಲ್ಲಿ ಕುಟುಂಬಮಿತ್ರನಾದ ಕ್ರಿಸ್ಪ್ ಎಂಬ ವೃದ್ಧನ ಮನೆಯಲ್ಲಿದ್ದಳು. ಯಾರಿಗೂ ಕಾರಣ ಹೇಳದೆ ತೋಟದ ಹಿಪ್ಪುನೇರಳೆ ಮರದ ಸುತ್ತ ಕುಣಿದಳು. 1826ರಲ್ಲಿ, ಎಪ್ಪತ್ತನಾಲ್ಕರ ಮುದುಕಿಯಾಗಿ, ಈ ಕುಣಿತವನ್ನು ಸರ್ ವಾಲ್ಟರ್ ಸ್ಕಾಟನ ಮುಂದೆ ತಾನೇ ಹೇಳಿಕೊಂಡಳು.

ಜಾನ್ಸನನು ನಕ್ಕಲ್ಲಿಯೇ ಇನ್ನೊಬ್ಬರು ಮೂಗು ಮುರಿದರು. ಲಂಡನ್ನಿನ ವಿದುಷಿಯರಿಗೆಲ್ಲ ಮುಂದಾಳಾಗಿದ್ದ ಎಲಿಜಬೆತ್ ಮಾಂಟೆಗ್ಯು ಎಂಬ ಶ್ರೀಮಂತ ಮಹಿಳೆಗೆ ಈ ಗ್ರಂಥ ಸಹಿಸಲಿಲ್ಲ. ಇದರಲ್ಲಿ ಬರುವ ಬೆಳ್ಳಿಯ ವ್ಯಾಪಾರಿಗಳು ತವರದ ಕೆಲಸದವರಂತಿದ್ದಾರೆ, ನೌಕೆಯ ಕ್ಯಾಪ್ಟನ್ನನು ಹಗ್ಗ ಎಳೆಯುವ ಖಲಾಸಿಯಂತಿದ್ದಾನೆ ಎಂದು ಆಕೆಯ ಆಕ್ಷೇಪ. ಇದರಲ್ಲಿ ಹುರುಳಿಲ್ಲದಿಲ್ಲ. ಕ್ಯಾಪ್ಟನ್ ಮರ್ವನ್ ಎಂಬವನು ನಾಯಿಕೆಯ ಮುದಿ ಅಜ್ಜಿಯನ್ನು ಕಳ್ಳರ ವೇಷದಲ್ಲಿ ಅಡ್ಡಗಟ್ಟಿ ಹಳ್ಳಕ್ಕೆ ಕೆಡವುವನು. ಇಬ್ಬರು ಮುದುಕಿಯರನ್ನು ಪಣಕ್ಕಾಗಿ ಓಡಿಸುವ ಪ್ರಸಂಗವೊಂದಿದೆ. ಈ ಎರಡೆಡೆಗಳಲ್ಲಿ ನನಗೂ ನಗು ಬರಲಿಲ್ಲ. ಆದರೆ ಬ್ರ್ಯಾಂಗ್ಟನ್ನರ ವಿಷಯ ಬೇರೆ. ಪೇಟೆಯ ಬೀದಿಯನ್ನು ಚೆನ್ನಾಗಿ ಬಲ್ಲ ಜಾನ್ಸನನಿಗೆ ಅವರು ನೆರೆಯವರು. ಔತಣಗೃಹದಿಂದ ಕೆಳಗಿಳಿಯದವರಿಗೆ ಅವರು ಕೊಳೆ.

ಇಂಥ ಅಭಿಪ್ರಾಯಗಳು ಬರಿಯ ಮಾತಾಗಿ ಉಳಿಯುವುದಿಲ್ಲ. ನಾಟಕಕಾರ ಶೆರಿಡನ್ನನ ಪ್ರೋತ್ಸಾಹದಿಂದ ಫ್ಯಾನಿಯು 1779ರಲ್ಲಿ ‘ದಿ ವಿಟ್‌ಲಿಂಗ್ಸ್’ ಎಂಬ ಪ್ರಹಸನವನ್ನು ಬರೆದಳು. ಅದರಲ್ಲಿ ಪಾಂಡಿತ್ಯದ ಒಡ್ಡೋಲಗ ನಡೆಸುವ ಲೇಡಿ ಸ್ಮ್ಯಾಟರ್ ಎಂಬ ಪಾತ್ರವಿದೆ. ಇದನ್ನು ನೋಡಿದರೆ ಮಾಂಟೆಗ್ಯುವಿನ ಮಂಡಲಿಯು ತಮ್ಮನ್ನೇ ಹಾಸ್ಯ ಮಾಡಿದರೆಂದು ಮುನಿದೀತೆಂದು ತಂದೆಯೂ ಕ್ರಿಸ್ಪನೂ ಭಯಪಟ್ಟು, ರಂಗಕ್ಕೆ ಹೋಗಕೂಡದೆಂದು ತಡೆದರು. ಮಗಳು ನೊಂದು ಒಪ್ಪಿದಳು. ಆ ನಾಟಕವು ಪೂರ್ತಿಯಾಗಿ ಅಚ್ಚಾದುದು 1990ರ ದಶಕದಲ್ಲಿ. ಮಗಳ ಕೀರ್ತಿಯಿಂದ ಹಿಗ್ಗಿದ ತಂದೆಯೇ ಅವಳ ಲೇಖನಿಯನ್ನು ಹಿಡಿದನೆಂಬುದು ನನಗೆ ಈ ವೃತ್ತಾಂತದಲ್ಲೆಲ್ಲ ಕಹಿಯಾದ ಭಾಗ.

ಮುಂದೆ ಜಗಳವು ಗ್ರಂಥವನ್ನು ಬಿಟ್ಟು ಗ್ರಂಥಕರ್ತ್ರಿಯ ವಯಸ್ಸಿಗೆ ತಿರುಗಿತು. ಹದಿನೇಳರ ಹುಡುಗಿ ಬರೆದಳೆಂದು ಜನರಲ್ಲಿ ವದಂತಿಯಿದ್ದಿತು. ಕ್ರೋಕರ್ ಎಂಬ ವಿಮರ್ಶಕನು 1833ರಲ್ಲಿ ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ, ಆಕೆ ಆಗ ಇಪ್ಪತ್ತೈದರವಳೆಂದು ಸಾಧಿಸಿ, ಮೆಚ್ಚಿಕೆಯಲ್ಲಿ ಅಷ್ಟನ್ನು ಕಳೆಯಬೇಕೆಂಬಂತೆ ಬರೆದನು. ಆಕೆ ಹುಟ್ಟಿದುದು 1752ರ ಜೂನ್‌ನಲ್ಲಿ; ಲೆಕ್ಕವೇನೋ ಸರಿ. ಆಕೆ 1840ರಲ್ಲಿ ತೀರಿಕೊಂಡ ಮೇಲೆ, 1843ರಲ್ಲಿ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯಲ್ಲಿ ಇದಕ್ಕೆ ಕಟುವಾದ ಉತ್ತರ ಬಂದಿತು. ಗ್ರಂಥದ ಗುಣವನ್ನು ಜನನದಾಖಲೆಯಲ್ಲಿ ಹುಡುಕುವುದನ್ನು ಆ ಲೇಖಕನು ಹಂಗಿಸಿದನು. ಹೆಣ್ಣುಮಕ್ಕಳು ಲೋಕಚರಿತೆಯನ್ನು ಬರೆಯಲು ದಾರಿ ಮಾಡಿಕೊಟ್ಟದ್ದು ಈ ಕೃತಿಯೆಂದು ಎತ್ತಿ ಹಿಡಿದನು. ಅವನು ಮೆಕಾಲೆ. ಸಂಸ್ಕೃತ ಬಾರದೆಂದು ಒಪ್ಪಿಕೊಂಡು, ನಮ್ಮ ವಾಙ್ಮಯವನ್ನೆಲ್ಲ 1835ರ ತನ್ನ ಟಿಪ್ಪಣಿಯಲ್ಲಿ ಒಂದು ಕಪಾಟಿನ ಮೂಲೆಗೂ ಸಮವಲ್ಲವೆಂದು ತಳ್ಳಿಹಾಕಿದ ಅದೇ ಮೆಕಾಲೆ. ಬ್ರ್ಯಾಂಗ್ಟನ್ನರನ್ನು ಮಾತ್ರ ಅವನು ಓದಿಯೇ ತೀರ್ಪು ಹೇಳಿದ್ದನು.