ಮುಪ್ಪಿನ ತಟ್ಟೆಯಲ್ಲಿ ಪ್ರೋಟೀನು

ವಯಸ್ಸಾದವರಿಗೆ ರಾತ್ರಿ ಹೊತ್ತು ಗಂಜಿ, ಇಲ್ಲವೇ ಒಂದು ಹಿಡಿ ಮಜ್ಜಿಗೆ ಅನ್ನ ಸಾಕೆಂಬುದು ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆ. ಅರಗುವುದಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ವಿಜ್ಞಾನವೂ ಬಹಳ ಕಾಲ ವೃದ್ಧರ ಊಟದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಅದರ ಕಣ್ಣೆಲ್ಲ ಮೊದಲು ದುಡಿಯುವ ಗಂಡಸಿನ ಮೇಲೆ, ಆಮೇಲೆ ಎಳೆಯ ಮಗುವಿನ ಮೇಲೆ.

ಸಸಾರಜನಕಕ್ಕೆ ಪ್ರೋಟೀನ್ ಎಂಬ ಹೆಸರು ಬಂದದ್ದು 1838ರಲ್ಲಿ. ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಕೆಗೆ ತಂದ ಈ ಪದವನ್ನು ಸೂಚಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಗ್ರೀಕ್ ಮೂಲದಲ್ಲಿ ಅದಕ್ಕೆ 'ಮೊದಲ ಸ್ಥಾನದ್ದು' ಎಂಬ ಅರ್ಥವಿದೆ. ಹೆಸರಿಗೆ ತಕ್ಕ ಮರ್ಯಾದೆಯೂ ಸಿಕ್ಕಿತು: ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಬೇಕೆಂದು ಮ್ಯೂನಿಕ್‌ನ ಕಾರ್ಲ್ ಫಾನ್ ಫೋಯ್ಟ್ ಗೊತ್ತುಪಡಿಸಿದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡನ್‌ಗೆ ಇದು ಅತಿಯೆನಿಸಿತು. ಆತ ತಾನೇ ಸುಮಾರು 40 ಗ್ರಾಂಗೆ ಇಳಿದ. ಸಹೋದ್ಯೋಗಿಗಳು, ಸೈನಿಕರು, ಕ್ರೀಡಾಪಟುಗಳ ಮೇಲೂ ಪ್ರಯೋಗ ನಡೆಸಿ 1904ರಲ್ಲಿ ಪುಸ್ತಕ ಪ್ರಕಟಿಸಿದ. ಅವನ ಮಂಡಿನೋವು ಮಾಯವಾಯಿತಂತೆ! 1943ರಲ್ಲಿ ತೀರಿಕೊಂಡಾಗ ಅವನಿಗೆ 87 ವರ್ಷ. ಇದೊಂದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಸ್ವತಂತ್ರ ಭಾರತದ ಚಿಂತೆ ಮಕ್ಕಳದಾಗಿತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಸೇರಿಸಿ 'ಬಹೂಪಯೋಗಿ ಆಹಾರ' ತಯಾರಿಸಿತು. ಮುಂದೆ 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್, ಪ್ರೋಟೀನಿನ ಕೊರತೆಯ ಗದ್ದಲವೇ ದೊಡ್ಡ ಎಡವಟ್ಟು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಹಸಿದ ಮಗುವಿಗೆ ಮೊದಲು ಬೇಕಾದದ್ದು ಹೊಟ್ಟೆತುಂಬ ಊಟ ಎಂಬ ವಾದ ಗೆದ್ದಿತು.

ಈ ಜಗಳದಲ್ಲಿ ಅಜ್ಜ ಅಜ್ಜಿಯರು ಎಲ್ಲೂ ಇರಲಿಲ್ಲ. ವಯಸ್ಸಿನೊಂದಿಗೆ ಸ್ನಾಯು ಕರಗುವ ಸ್ಥಿತಿಗೆ 'ಸಾರ್ಕೊಪೀನಿಯ' ಎಂದು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಹೆಸರಿಟ್ಟದ್ದೇ 1980ರ ದಶಕದ ಕೊನೆಗೆ. ಹೆಸರಿಲ್ಲದ ಕಾಯಿಲೆಯನ್ನು ಯಾರೂ ಹುಡುಕುವುದಿಲ್ಲ. ಕುರ್ಚಿಯಿಂದ ಏಳಲಾಗದಿದ್ದರೆ, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ, 'ವಯಸ್ಸಾಯಿತು' ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಅಳತೆಯ ವಿಧಾನದಲ್ಲೂ ತೊಡಕಿತ್ತು. ತಿಂದ ಸಾರಜನಕಕ್ಕೂ ದೇಹದಿಂದ ಹೊರಹೋದ ಸಾರಜನಕಕ್ಕೂ ಲೆಕ್ಕ ಸರಿಹೋದರೆ ಪ್ರೋಟೀನು ಸಾಕು ಎಂದರ್ಥ. ಆದರೆ ಇಂಥ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಯುವಜನರ ಮೇಲೆ. ಮೇಲಾಗಿ, ಕಡಿಮೆ ತಿನ್ನುವ ದೇಹ ಸ್ನಾಯುವನ್ನು ಕಳೆದುಕೊಂಡೂ ಲೆಕ್ಕ ಸರಿದೂಗಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ವಯಸ್ಕರೆಲ್ಲರಿಗೂ, ವೃದ್ಧರಿಗೂ ಸೇರಿಸಿ, ದೇಹತೂಕದ ಕಿಲೋಗೆ 0.83 ಗ್ರಾಂ ಎಂದಿತು. 2013ರಲ್ಲಿ ವೃದ್ಧಾಪ್ಯ ತಜ್ಞರ ಅಂತರರಾಷ್ಟ್ರೀಯ ತಂಡವೊಂದು, 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದಿತು. ಅಷ್ಟೇ ಪ್ರೋಟೀನಿಗೆ ಮುದಿ ಸ್ನಾಯು ಎಳೆಯ ಸ್ನಾಯುವಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ ಎಂಬುದು ಅವರ ಆಧಾರ.

ಐವತ್ತು ಕಿಲೋ ತೂಕದ ಅಜ್ಜಿಗೆ ಇದು ದಿನಕ್ಕೆ 50ರಿಂದ 60 ಗ್ರಾಂ. ತಿಳಿಸಾರಿನಿಂದ ಇದು ದಕ್ಕದು. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು ಉಂಟು. ಹುರುಳಿ, ಹೆಸರುಕಾಳು, ಮೊಸರು ಇದ್ದೇ ಇವೆ. ಮೂತ್ರಪಿಂಡದ ತೀವ್ರ ಕಾಯಿಲೆ ಇರುವವರ ಲೆಕ್ಕ ಮಾತ್ರ ಬೇರೆ. ಅವರಿಗೆ ವೈದ್ಯರೇ ಮಿತಿ ಹೇಳಬೇಕು.