ಎಲ್ಲಾ ಚಿಟ್ಟೆ ನೋಡಿ ಆಯ್ತಾ?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ, ಬೆಂಗಳೂರು-ಶಿಡ್ಲಘಟ್ಟ ಓಡಾಟ, ಜೊತೆಗೆ ಒಂಚೂರು ಸೋಮಾರಿತನ :) ಇವತ್ತು ಬರೆಯೋಕೆ ಹೊರಟಿರೋದು ಎರಡು ಬೇರೆ ಬೇರೆ ಲೋಕಗಳ ಒಂದೇ ಪ್ರಶ್ನೆ ಬಗ್ಗೆ. ಒಂದು ನನ್ನ ಹೊಟ್ಟೆಪಾಡಿನ ಪ್ರೋಗ್ರಾಮಿಂಗ್, ಇನ್ನೊಂದು ನಮ್ಮ ಕಡೆಯ ರೇಷ್ಮೆ. ಪ್ರಶ್ನೆ ಇಷ್ಟೇ: ಒಂದು ರಾಶಿಯಲ್ಲಿರುವ ಪ್ರತಿಯೊಂದನ್ನೂ ಪರೀಕ್ಷೆ ಮಾಡಬೇಕು, ಆದರೆ ಉತ್ತರ ತಕ್ಷಣ ಬರುವುದಿಲ್ಲ. ಹಾಗಿದ್ದಾಗ "ಎಲ್ಲಾ ಸರಿಯಿದೆ" ಅಂತ ಯಾವಾಗ ಹೇಳಬಹುದು?

ಮೊದಲು ಪ್ರೋಗ್ರಾಮಿಂಗ್ ಕಡೆಯದು, ಬೇಗ ಮುಗಿಸ್ತೀನಿ. ಜಾವಾಸ್ಕ್ರಿಪ್ಟಿನಲ್ಲಿ 'ಎವ್ರಿ' ಅಂತ ಒಂದು ಸೌಲಭ್ಯ ಇದೆ. ಪಟ್ಟಿಯಲ್ಲಿರುವ ಒಂದೊಂದನ್ನೂ ಪರೀಕ್ಷಿಸಿ, ಎಲ್ಲವೂ ಪಾಸಾದರೆ 'ನಿಜ', ಒಂದು ಫೇಲಾದರೂ ಅಲ್ಲೇ ನಿಂತು 'ಸುಳ್ಳು' ಅನ್ನುತ್ತೆ. ಇದು ಭಾಷೆಯ ಅಧಿಕೃತ ನಿಯಮಗಳೊಳಗೆ ಬಂದದ್ದು 2009ರಲ್ಲಿ. 'ಪ್ರಾಮಿಸ್', ಅಂದರೆ "ಉತ್ತರ ಆಮೇಲೆ ಕೊಡ್ತೀನಿ, ಸದ್ಯಕ್ಕೆ ಈ ಚೀಟಿ ಇಟ್ಕೋ" ಅನ್ನುವ ವ್ಯವಸ್ಥೆ, ಬಂದದ್ದು 2015ರಲ್ಲಿ. ಆ ಉತ್ತರಕ್ಕಾಗಿ ಕಾಯುವ 'ಅಸಿಂಕ್-ಅವೇಟ್' ಬರುವಾಗ 2017. ಹಳೆಯ ಎವ್ರಿಗೆ ಈ ಹೊಸ ಚೀಟಿಯ ವಿಷಯವೇ ಗೊತ್ತಿಲ್ಲ. ತಡವಾಗಿ ಉತ್ತರ ಕೊಡುವ ಪರೀಕ್ಷೆಯನ್ನು ಅದರ ಕೈಗೆ ಕೊಟ್ಟರೆ, ಅದು ಚೀಟಿಯನ್ನೇ ಉತ್ತರ ಅಂದುಕೊಳ್ಳುತ್ತೆ. ಜಾವಾಸ್ಕ್ರಿಪ್ಟಿನಲ್ಲಿ ಇಂಥ ಯಾವ ವಸ್ತು ಸಿಕ್ಕರೂ ಅದು 'ನಿಜ'ದ ಲೆಕ್ಕಕ್ಕೇ ಸೇರುತ್ತೆ. ಹಾಗಾಗಿ ಒಂದು ಪರೀಕ್ಷೆಯೂ ಮುಗಿದಿರುವುದಿಲ್ಲ, ಅಷ್ಟರಲ್ಲೇ "ಎಲ್ಲಾ ಪಾಸು" ಅಂತ ಘೋಷಣೆ! ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇದರ ಅಪಾಯ ಇರುವುದೇ ಅಲ್ಲಿ.

ಈಗ ರೇಷ್ಮೆಗೆ ಬರೋಣ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ, ಆದರೆ ಹಿಪ್ಪುನೇರಳೆ ನಂಟು ಅದಕ್ಕಿಂತ ಎಷ್ಟೋ ಹಳೆಯದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹೆಸರು ಕೇಳದವರು ಕಡಿಮೆ. ಚಿಂತಾಮಣಿ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲೂ ಹುಳು ಸಾಕುವ ಮನೆಗಳಿವೆ. ಹುಳು ಸಾಕುವವರನ್ನು ಕೇಳಿ ನೋಡಿ, ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಅಂತ ಕಾಯಿಲೆಗಳ ಪಟ್ಟಿಯನ್ನೇ ಕೊಡ್ತಾರೆ. ಆ ಪಟ್ಟಿಯಲ್ಲಿ ಗಂಟುರೋಗದ್ದು ಮಾತ್ರ ಬೇರೆಯೇ ಜಾತಿ. ಇಂಗ್ಲಿಷಿನಲ್ಲಿ ಪೆಬ್ರಿನ್. ಯಾಕೆ ಬೇರೆ ಅಂದರೆ, ಅದು ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಇಳಿದು ಬರುತ್ತೆ. ಹುಳುಮನೆಯನ್ನು ನೀವು ಎಷ್ಟೇ ತೊಳೆದು ಇಟ್ಟಿರಿ, ತಂದ ಮೊಟ್ಟೆಯಲ್ಲೇ ರೋಗ ಇದ್ದರೆ ಏನು ಮಾಡೋದು? ರೋಗದ ಮರಿಯ ಹಿಕ್ಕೆ ಸೊಪ್ಪಿಗೆ ತಗುಲಿ ಪಕ್ಕದ ಹುಳುಗಳಿಗೂ ಹರಡುತ್ತೆ. ಸೊಪ್ಪು, ಕೂಲಿ, ಸಾಲ ಎಲ್ಲಾ ಸುರಿದಾದ ಮೇಲೆ ಚಂದ್ರಂಕಿಗೆ ಹಾಕಲು ಹುಳುವೇ ಇರುವುದಿಲ್ಲ.

ಫ್ರಾನ್ಸಿನ ರೇಷ್ಮೆಯನ್ನು ಮಲಗಿಸಿದ್ದು ಇದೇ ರೋಗ. 1853ರಲ್ಲಿ 2 ಕೋಟಿ 60 ಲಕ್ಷ ಕಿಲೋ ಗೂಡು ಬೆಳೆದಿದ್ದ ದೇಶದಲ್ಲಿ 1865ರ ಹೊತ್ತಿಗೆ ಅದು 40 ಲಕ್ಷ ಕಿಲೋಗೆ ಇಳಿದಿತ್ತು. ಆ ವರ್ಷ ಲೂಯಿ ಪಾಶ್ಚರ್ ತಮ್ಮ ಗುರು ಡ್ಯೂಮಾ ಅವರ ಒತ್ತಾಯಕ್ಕೆ ಅಲೆಸ್ ಊರಿಗೆ ಹೋದರು. ಅವರಿಗೆ ರೇಷ್ಮೆ ಹುಳುವಿನ ಗಂಧಗಾಳಿಯೂ ಇರಲಿಲ್ಲ. ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ "ಒಳಗೆ ಏನೋ ಇದೆಯಲ್ಲಾ" ಅಂತ ಕೇಳಿದರು ಅಂತ ಕೀಟತಜ್ಞ ಫಾಬ್ರೆ ಬರೆದಿದ್ದಾರೆ :) ರೋಗದ ಹುಳುವಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಹೊಳೆಯುವ ಮೊಟ್ಟೆಯಾಕಾರದ ಕಣಗಳು ಒಂದು ಪರಾವಲಂಬಿ ಜೀವಿ ಅನ್ನುವುದನ್ನೂ ಪಾಶ್ಚರ್ ಮೊದಮೊದಲು ಒಪ್ಪಿರಲಿಲ್ಲ. ಆದರೂ ಅವರು ಕಂಡುಕೊಂಡ ಉಪಾಯ ಕೆಲಸ ಮಾಡಿತು.

ಉಪಾಯ ಹೀಗಿದೆ. ಒಂದೊಂದು ಹೆಣ್ಣು ಚಿಟ್ಟೆಯನ್ನೂ ಒಂದೊಂದು ಬೇರೆ ಬಟ್ಟೆ ತುಂಡಿನ ಮೇಲೆ ಮೊಟ್ಟೆ ಇಡಲು ಬಿಡಬೇಕು. ಆಮೇಲೆ ಆ ಚಿಟ್ಟೆಯನ್ನು ಅದೇ ಬಟ್ಟೆಯ ಮೂಲೆಗೆ ಸಿಕ್ಕಿಸಿ ಇಡಬೇಕು. ಪುರುಸೊತ್ತಾದಾಗ ಚಿಟ್ಟೆಯನ್ನು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಣ ಕಂಡರೆ ಆ ಬಟ್ಟೆಯ ಮೊಟ್ಟೆಗಳನ್ನೆಲ್ಲ ಸುಡಬೇಕು, ಕಾಣದಿದ್ದರೆ ಬಿತ್ತನೆಗೆ ಇಟ್ಟುಕೊಳ್ಳಬೇಕು.

ಇದರಲ್ಲಿ ಎರಡು ನಿಯಮ ಅಡಗಿವೆ ನೋಡಿ. ಒಂದು, ಚಿಟ್ಟೆ ಮತ್ತು ಅದರ ಮೊಟ್ಟೆ ಬೇರೆಯಾಗಕೂಡದು. ಹಾಗಿದ್ದರೆ ಯಾವ ಚಿಟ್ಟೆಯನ್ನು ಮೊದಲು ನೋಡಿದರೂ, ಯಾವುದನ್ನು ಕೊನೆಗೆ ನೋಡಿದರೂ ಲೆಕ್ಕ ತಪ್ಪುವುದಿಲ್ಲ. ಎರಡು, ಉತ್ತರ ಬರುವ ತನಕ ಮೊಟ್ಟೆ ಹೊರಗೆ ಹೋಗಕೂಡದು. ಬಟ್ಟೆಗೆ ಸಿಕ್ಕಿಸಿದ ಚಿಟ್ಟೆ ಬರೀ ಒಂದು ಚೀಟಿ, ಅದೇ ಫಲಿತಾಂಶವಲ್ಲ. ನಮ್ಮ ಎವ್ರಿ ಮುರಿಯುವುದು ಈ ಎರಡನೆಯ ನಿಯಮವನ್ನೇ.

ಆದರೆ ಫ್ರಾನ್ಸಿನವರಿಗೆ ಒಂದು ಅನುಕೂಲ ಇತ್ತು. ಅಲ್ಲಿನದು ವರ್ಷಕ್ಕೊಂದೇ ಪೀಳಿಗೆಯ ತಳಿ. ಬೇಸಿಗೆಯಲ್ಲಿ ಇಟ್ಟ ಮೊಟ್ಟೆ ಒಡೆಯುವುದು ಮುಂದಿನ ವಸಂತಕ್ಕೆ. ಒಣಗಿದ ಚಿಟ್ಟೆಗಳನ್ನು ಚಳಿಗಾಲದಲ್ಲಿ ನಿಧಾನವಾಗಿ ಕೂತು ನೋಡಬಹುದಿತ್ತು. ನಮ್ಮ ಮೈಸೂರು ತಳಿ ಹಾಗಲ್ಲ. ವರ್ಷಕ್ಕೆ ಹಲವು ಪೀಳಿಗೆ, ಮೊಟ್ಟೆ ಇಟ್ಟ ಸುಮಾರು 10 ದಿನಕ್ಕೆಲ್ಲಾ ಮರಿ. ತಂಪಿನಲ್ಲಿಟ್ಟು ಒಂದಷ್ಟು ದಿನ ಮುಂದೂಡಬಹುದು, ತಿಂಗಳುಗಟ್ಟಲೆ ಅಲ್ಲ. ಅದೇ ಪರೀಕ್ಷೆ, ಆದರೆ ಗಡುವು ಮಾತ್ರ ತೀರಾ ಹತ್ತಿರ. ಒಬ್ಬರು ಕೂತು ನೋಡಿದರೆ ಮುಗಿಯದು, ಸಾಲಾಗಿ ಹಲವರು ಸೂಕ್ಷ್ಮದರ್ಶಕದ ಮುಂದೆ ಕೂರಬೇಕು.

ಟಿಪ್ಪು ಕಾಲದಿಂದ ಬೆಳೆದ ಮೈಸೂರು ಸೀಮೆಯ ರೇಷ್ಮೆಯೂ 1860ರ ದಶಕದಲ್ಲಿ ಹುಳುಗಳ ಸಾವಿನಿಂದ ನೆಲಕಚ್ಚಿತ್ತು. ಜಪಾನಿನಿಂದ ಮೊಟ್ಟೆ ತರಿಸುವ ಪ್ರಯತ್ನವೂ ನಡೆಯಿತು. 1890ರ ದಶಕದಲ್ಲಿ ಜೆಮ್‌ಶೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರ ಸಹಾಯದಿಂದ ರೇಷ್ಮೆ ಫಾರಂ ತೆಗೆದರು. ಬಸವನಗುಡಿ ಹತ್ತಿರದ ಟಾಟಾ ಸಿಲ್ಕ್ ಫಾರಂ ಅನ್ನುವ ಹೆಸರು ಅದರಿಂದಲೇ ಬಂದದ್ದು. ಆಮೇಲೆ ಮೈಸೂರು ಸರ್ಕಾರದ ರೇಷ್ಮೆ ಇಲಾಖೆ, ಬಿತ್ತನೆ ಕೋಠಿಗಳು ಬಂದವು. 1959ರ ರೇಷ್ಮೆ ಬಿತ್ತನೆ ಕಾಯಿದೆ ಬಂದ ಮೇಲೆ ಯಾರು ಬೇಕಾದರೂ ಮೊಟ್ಟೆ ಮಾಡಿ ಮಾರುವಂತಿಲ್ಲ, ಪರವಾನಗಿ ಬೇಕು. ರೈತರು ಸಲೀಸಾಗಿ ಹೇಳುವ 'ಡಿಎಫ್ಎಲ್' ಅಂದರೆ ರೋಗವಿಲ್ಲದ ಮೊಟ್ಟೆ, ಒಂದು ತಾಯಿ ಇಟ್ಟಷ್ಟು. ಆ ಮೂರು ಅಕ್ಷರದ ಹಿಂದೆ ಇರುವುದು ಪಾಶ್ಚರ್ ಅವರ ಬಟ್ಟೆ ತುಂಡು.

ಹಾಗಂತ ಪ್ರತಿ ಸಲವೂ ಪ್ರತಿ ಚಿಟ್ಟೆಯನ್ನೂ ನೋಡ್ತಾರೆ ಅಂದುಕೊಳ್ಳಬೇಡಿ. ಮುಂದಿನ ಪೀಳಿಗೆಗಳಿಗೆ ಮೂಲವಾಗುವ ಬಿತ್ತನೆಯಲ್ಲಿ ಒಂದೊಂದನ್ನೂ ನೋಡುವ ಕಟ್ಟುನಿಟ್ಟು. ರೈತರಿಗೆ ಮಾರುವ ಮೊಟ್ಟೆಯ ವಿಷಯದಲ್ಲಿ ಮಾದರಿಗೆ ಒಂದಷ್ಟು ಆಯ್ದು, ಹಲವು ಚಿಟ್ಟೆಗಳನ್ನು ಒಟ್ಟಿಗೆ ಅರೆದು ನೋಡುವ ಪದ್ಧತಿಯೂ ಇದೆ. ಲಕ್ಷಗಟ್ಟಲೆ ಚಿಟ್ಟೆ, ಕೆಲವೇ ದಿನ, ಬೇರೆ ದಾರಿ ಎಲ್ಲಿದೆ? ಅದು ತಿಳಿದೂ ತಿಳಿದೂ ಮಾಡಿಕೊಂಡ ರಾಜಿ. ಎಷ್ಟು ನೋಡಿದ್ದೇವೆ, ಎಷ್ಟು ನೋಡಿಲ್ಲ ಅನ್ನುವುದು ಅಲ್ಲಿ ಲೆಕ್ಕದಲ್ಲಿರುತ್ತೆ. ಒಂದನ್ನೂ ನೋಡದೆ "ಎಲ್ಲಾ ನೋಡಿದೆ" ಅನ್ನುವ ಪ್ರೋಗ್ರಾಮಿಗೂ ಇದಕ್ಕೂ ಅಜಗಜಾಂತರ.

ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು ಅದರ ಗುಣ ಹೇಳುವವರಿದ್ದಾರೆ. ಆದರೆ ಮೊಟ್ಟೆ ಹಾಳೆಯನ್ನು ಬರಿಗಣ್ಣಲ್ಲಿ ನೋಡಿ ರೋಗ ಹೇಳುವವರಿಲ್ಲ. ಅದನ್ನು ಮನೆಗೆ ತರುವ ರೈತ, ತಾನು ಯಾವತ್ತೂ ನೋಡಿರದ ಯಾರೋ ಒಬ್ಬರು ಪರೀಕ್ಷೆ ಮುಗಿಯುವ ತನಕ ಕಾದಿದ್ದಾರೆ ಅಂತ ನಂಬಿ ತರುತ್ತಾನೆ. ನಾವು ಬರೆದದ್ದನ್ನು ಬಳಸುವವರೂ ಅಷ್ಟೇ ಅಲ್ಲವೇ?

ಕೊಸರು: ಜಾವಾಸ್ಕ್ರಿಪ್ಟಿಗರಿಗೆ ಮದ್ದು ಸುಲಭ. ಮೊದಲು ಎಲ್ಲಾ ಚೀಟಿಗಳನ್ನೂ 'ಪ್ರಾಮಿಸ್ ಆಲ್'ಗೆ ಕೊಟ್ಟು ಕಾಯಿರಿ. ಯಾವುದು ಮೊದಲು ಮುಗಿದರೂ ಉತ್ತರಗಳು ಪಟ್ಟಿಯ ಕ್ರಮದಲ್ಲೇ ಬರುತ್ತವೆ. ಆಮೇಲೆ ಆ ಉತ್ತರಗಳ ಮೇಲೆ ಎವ್ರಿ ಓಡಿಸಿ. ಮೊದಲ ಫೇಲಿಗೇ ನಿಲ್ಲಿಸಬೇಕಿದ್ದರೆ ಲೂಪಿನಲ್ಲಿ ಒಂದೊಂದಕ್ಕೇ ಅವೇಟ್ ಮಾಡಿ, ನಿಧಾನ ಆಗುತ್ತೆ ಅಷ್ಟೇ. ಮತ್ತೆ, ಪರೀಕ್ಷೆಯೇ ನಡೆಯದೆ ಕೆಟ್ಟುಹೋದರೆ ಅದನ್ನು ಪಾಸು ಅಂತ ಬರೆಯಬೇಡಿ. ನೋಡದ ಚಿಟ್ಟೆಯ ಮೊಟ್ಟೆ ಸುಡುವ ಗುಂಪಿಗೇ ಸೇರಲಿ :)