ಘಟಪ್ರಭೆಯ ಆಚೆ ದಂಡೆ: ಜಮಖಂಡಿ ಸೀಮೆಯ ನೋಡುವ ಜಾಗಗಳು

ಬಾಗಲಕೋಟೆ ಜಿಲ್ಲೆಗೆ ಬರುವ ಪ್ರವಾಸಿಗರ ದಾರಿ ಬಹುಕಾಲದಿಂದ ಒಂದೇ. ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಐಹೊಳೆ, ಬಿಡುವಿದ್ದರೆ ಬನಶಂಕರಿ ಮತ್ತು ಕೂಡಲಸಂಗಮ. ಹೋಟಗಿ–ಗದಗ ರೈಲು 1884ರಲ್ಲಿ ಓಡತೊಡಗಿದಾಗ ಬಾದಾಮಿಗೆ ನಿಲ್ದಾಣ ಸಿಕ್ಕಿತು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಂದ ವಾಯವ್ಯಕ್ಕಿರುವ ಮುಧೋಳ, ಬೀಳಗಿ, ಜಮಖಂಡಿ, ರಬಕವಿ–ಬನಹಟ್ಟಿಗಳ ಕಡೆಗೆ ಆ ದಾರಿ ತಿರುಗಲೇ ಇಲ್ಲ. ಕಬ್ಬಿನ ಟ್ರ್ಯಾಕ್ಟರುಗಳ, ನೂಲಿನ ಹೊರೆಗಳ, ಸಕ್ಕರೆ ಕಾರ್ಖಾನೆಗಳ ಸೀಮೆ ಎಂದೇ ಹೊರಗಿನವರು ಇದನ್ನು ಬಲ್ಲರು.

ಇಲ್ಲಿ ನೋಡುವಂಥದ್ದು ಇಲ್ಲವೆಂದಲ್ಲ. ಬಾದಾಮಿಯದು ಅರಸರು ಕಟ್ಟಿಸಿದ ಕಲ್ಲಿನ ವೈಭವ. ಈ ನಾಲ್ಕು ತಾಲ್ಲೂಕುಗಳಲ್ಲಿ ನಿಜವಾಗಿ ನೋಡಬೇಕಾದದ್ದರ ಹಿಂದೆ ಬಳೆಗಾರರು, ಬೇಡರು, ನೇಕಾರರು, ರೈತರು ಇದ್ದಾರೆ. ಅದು ಒಂದು ಕಟ್ಟಡವಾಗಿ ಎದ್ದು ನಿಂತಿಲ್ಲ. ಮನೆಯೊಳಗೆ, ನದಿಯೊಳಗೆ, ಲಾವಣಿಯೊಳಗೆ ಹರಡಿಕೊಂಡಿದೆ. ಹಾಗಾಗಿ ಈ ಸೀಮೆಯನ್ನು ನೋಡಲು ಜನ ಯಾವಾಗ, ಏಕೆ ಬಂದರು ಎಂಬುದನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಮೊದಲು ಬಂದವರು ದೇವರನ್ನು ಹುಡುಕಿಕೊಂಡು ಬಂದರು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮ, ಮುಧೋಳ ತಾಲ್ಲೂಕಿನ ಮಾಚಕನೂರಿನ ಹೊಳೆಬಸವೇಶ್ವರ, ಜಮಖಂಡಿ ಬಳಿಯ ಕಲ್ಹಳ್ಳಿಯ ವೆಂಕಟೇಶ್ವರ, ಬನಹಟ್ಟಿಯ ಕಾಡಸಿದ್ಧೇಶ್ವರ, ಮಹಾಲಿಂಗಪುರದ ಮಹಾಲಿಂಗೇಶ್ವರ: ಇವುಗಳ ಜಾತ್ರೆಗಳೇ ಇಲ್ಲಿನ ಅತ್ಯಂತ ಹಳೆಯ ಪ್ರವಾಸ. ಬುತ್ತಿ ಕಟ್ಟಿಕೊಂಡು ಬಂದವರು ದೇವರ ಜೊತೆ ದನ ನೋಡಿದರು, ಸೀರೆ ಕೊಂಡರು, ರಾತ್ರಿಯಿಡೀ ಕೂತು ಪಾರಿಜಾತದಾಟ ಕಂಡರು. ಹರಿದಾಸ ಪರಂಪರೆಯಲ್ಲಿ ಹಾಡುಗಳನ್ನು ಕಟ್ಟಿದ ಗಲಗಲಿ ಅವ್ವನ ಊರು ಗಲಗಲಿಯೂ ಇದೇ ಕೃಷ್ಣಾ ತೀರದಲ್ಲಿದೆ.

ತೇರದಾಳ ಈಗ ತಾನೇ ತಾಲ್ಲೂಕಾದರೂ ಮೊದಲಿನಿಂದಲೂ ಈ ಸೀಮೆಯ ಊರು. ಅಲ್ಲಿನ ನೇಮಿನಾಥ ಬಸದಿಗೆ ಇನ್ನೂ ಹೆಚ್ಚು ಜನ ಹೋಗಬೇಕೆಂಬುದು ನನ್ನ ಆಸೆ. 12ನೇ ಶತಮಾನದ ಮೊದಲ ಭಾಗದಲ್ಲಿ, ರಟ್ಟರ ಕಾಲದಲ್ಲಿ, ಗೊಂಕನೆಂಬ ಸ್ಥಳೀಯ ನಾಯಕ ಅದನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಆ ಶಾಸನದ ನಂಟು ಕೊಲ್ಲಾಪುರದ ಜೈನ ಆಚಾರ್ಯ ಮಾಘನಂದಿಯವರೆಗೂ ಹೋಗುತ್ತದೆ. ಅದೇ ಊರಿನಲ್ಲಿ ಅಲ್ಲಮಪ್ರಭುವಿನ ಗುಡಿಯೂ ಇದೆ. ಬಸದಿಯಿಂದ ಪ್ರಭುಸ್ವಾಮಿಯ ಗುಡಿಗೆ ನಡೆದು ಹೋದರೆ ಕನ್ನಡ ನಾಡಿನ ಎರಡು ದೊಡ್ಡ ಧರ್ಮಧಾರೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಟ್ಟಿ ಬಂದಂತಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ರನ್ನ ಸಿಗುತ್ತಾನೆ. 949ರಲ್ಲಿ ಹುಟ್ಟಿದ, ಬಳೆ ಮಾರುವ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗ. ಅವನ ಮುದುವೊಳಲೇ ಇಂದಿನ ಮುಧೋಳ. ಅವನು ನೆನೆದ ಬೆಳುಗಲಿಯೇ ಇಂದಿನ ರನ್ನಬೆಳಗಲಿ. ವಿದ್ಯೆಗಾಗಿ ದಕ್ಷಿಣಕ್ಕೆ ನಡೆದ ಆ ಹುಡುಗ ಶ್ರವಣಬೆಳಗೊಳದಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾದ. ಅಲ್ಲಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಬರಹ ಇಂದಿಗೂ ಇದೆ. ಆಮೇಲೆ ಚಾಲುಕ್ಯ ತೈಲಪ, ಸತ್ಯಾಶ್ರಯರ ಆಸ್ಥಾನ, ಅತ್ತಿಮಬ್ಬೆಯ ಆಶ್ರಯ, ಗದಾಯುದ್ಧ, ಅಜಿತಪುರಾಣ. ಮುಧೋಳದಲ್ಲಿ ರನ್ನನ ಮನೆ ಎಂದು ತೋರಿಸಲು ಏನೂ ಉಳಿದಿಲ್ಲ. ಹಾಗಿದ್ದರೂ ಕವಿಯ ಊರು ಎಂಬುದೇ ಸಾಕಷ್ಟು ದೊಡ್ಡ ಕಾರಣ. 1995ರಲ್ಲಿ ಎಚ್.ಎಲ್. ನಾಗೇಗೌಡರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮುಧೋಳದಲ್ಲಿ ನಡೆಯಿತು. 2025ರ ಫೆಬ್ರುವರಿಯಲ್ಲಿ ‘ರನ್ನ ವೈಭವ’ ಮತ್ತೆ ಜನರನ್ನು ಸೇರಿಸಿತು. ಇಂಥ ಉತ್ಸವದ ಪೆಂಡಾಲು ಬಿಚ್ಚಿದ ಮೇಲೆ ವರ್ಷದ ಉಳಿದ ದಿನಗಳಲ್ಲಿ ಬಂದವನಿಗೆ ಏನು ಸಿಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಕನ್ನಡ ಓದಲು ಬಲ್ಲ ಒಬ್ಬ ಮಾರ್ಗದರ್ಶಿ, ಗದಾಯುದ್ಧದ ಗಮಕ ವಾಚನ ಕೇಳಿಸುವ ಒಂದು ಸಣ್ಣ ಸಭಾಂಗಣ ಇದ್ದರೂ ಸಾಕು. ಹಳಗನ್ನಡ ಕಿವಿಗೆ ಬಿದ್ದಾಗ ಉಂಟಾಗುವ ಪುಳಕವನ್ನು ಯಾವ ಪ್ರತಿಮೆಯೂ ಕೊಡಲಾರದು.

ಸಂಸ್ಥಾನಗಳ ಕಾಲಕ್ಕೆ ಬಂದರೆ, ಈ ಸೀಮೆ ಒಟ್ಟಾಗಿ ಬೆಳೆಯದೇ ಹೋದ ಕಾರಣ ಕಾಣುತ್ತದೆ. ಜಮಖಂಡಿ 1811ರಿಂದ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ, ತೇರದಾಳಗಳು ಸಾಂಗಲಿಗೆ ಸೇರಿದ್ದವು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ಗಾಡಿ ಪ್ರಯಾಣದೊಳಗೆ ಹಲವು ಆಡಳಿತಗಳು. 1901ರ ಜನಗಣತಿಯಲ್ಲಿ ಇಡೀ ಜಮಖಂಡಿ ಸಂಸ್ಥಾನದ ಜನಸಂಖ್ಯೆ 1,05,357, ಮುಧೋಳದ್ದು 63,001. ಇಷ್ಟು ಸಣ್ಣ ರಾಜ್ಯಗಳು ತಂತಮ್ಮ ಪಟ್ಟಣಕ್ಕೆ ಒಳ್ಳೆಯದನ್ನು ಮಾಡಿದವು. ಊರೂರನ್ನು ಬೆಸೆಯುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಜಮಖಂಡಿಯ ಪಟವರ್ಧನರು ಶಿಕ್ಷಣಕ್ಕೆ ಧಾರಾಳವಾಗಿ ಕೊಟ್ಟವರು. ಪುಣೆಯ ಸರ್ ಪರಶುರಾಮಭಾವು ಕಾಲೇಜು ಹೆಸರು ಪಡೆದದ್ದು ಈ ಮನೆತನದ ಅರಸನಿಂದ. ಊರ ಹೊರಗಿನ ರಾಮತೀರ್ಥ ಗುಡ್ಡದ ಅರಮನೆ, ಅದರ ಬಳಿಯ ರಾಮೇಶ್ವರ ಗುಡಿ ಜಮಖಂಡಿಯವರ ಸಂಜೆಯ ತಿರುಗಾಟದ ಜಾಗ. 1937ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಜಮಖಂಡಿಯಲ್ಲಿ ಸೇರಿದಾಗ, ಮರಾಠಿ ದರಬಾರಿನ ಸಂಸ್ಥಾನದೊಳಗೆ ಕನ್ನಡದ ಲೇಖಕರು ದೂರದ ಮೈಸೂರು ಸೀಮೆಯಿಂದ ಬಂದಿಳಿದರು. ಏಕೀಕರಣಕ್ಕೆ ಇನ್ನೂ 19 ವರ್ಷ ಬಾಕಿಯಿತ್ತು. ಆ ಪ್ರಯಾಣವನ್ನು ಈ ಸೀಮೆಯ ಪ್ರವಾಸದ ಚರಿತ್ರೆಯಲ್ಲಿ ದೊಡ್ಡ ಘಟನೆಯೆಂದೇ ನಾನು ಎಣಿಸುತ್ತೇನೆ. ಗುಡಿಗಲ್ಲದೆ ನುಡಿಗಾಗಿ ಜನ ಇಲ್ಲಿಗೆ ಬಂದರು.

ಆದರೆ ಸಂಸ್ಥಾನಗಳ ಕಾಲವನ್ನು ಅರಮನೆಗಳಿಂದ ಮಾತ್ರ ಅಳೆದರೆ ಹಲಗಲಿಗೆ ಅನ್ಯಾಯವಾಗುತ್ತದೆ. ಮುಧೋಳ ತಾಲ್ಲೂಕಿನ ಈ ಹಳ್ಳಿಯ ಬೇಡರು 1857ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರಕಾರದ ಕಾಯಿದೆಯನ್ನು ಧಿಕ್ಕರಿಸಿದರು. ಬೇಟೆಯೇ ಬದುಕಾಗಿದ್ದವರಿಗೆ ಹತಾರ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಕೊಟ್ಟಂತೆ. ಜಡಗ, ಬಾಲ, ಹನುಮ, ರಾಮ ಮುಂದಾಳುಗಳು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಎಲ್ಲರ ಕಣ್ಣೆದುರೇ ಗಲ್ಲಿಗೇರಿಸಿದರು. ಜನ ಅದನ್ನು ಲಾವಣಿಯಲ್ಲಿ ಹಿಡಿದಿಟ್ಟರು. ಶಾಸನತಜ್ಞ ಜೆ.ಎಫ್. ಫ್ಲೀಟ್ ಹಲಗಲಿಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅವರು ಬ್ರಿಟಿಷ್ ಸರಕಾರದ ಅಧಿಕಾರಿಯೇ ಆಗಿದ್ದರು. ಕನ್ನಡ ಪಠ್ಯಪುಸ್ತಕಗಳ ಮೂಲಕ ಹಲಗಲಿ ಸಾವಿರಾರು ಮಕ್ಕಳಿಗೆ ಗೊತ್ತು. ಆ ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದೊಯ್ಯುವ ಬಸ್ಸುಗಳು ಮಾತ್ರ ಕೂಡಲಸಂಗಮ, ಆಲಮಟ್ಟಿಗಳ ಕಡೆಗೆ ಹೊರಳುತ್ತವೆ. ಹಲಗಲಿಯಲ್ಲಿ ನಿಂತು ಆ ಲಾವಣಿಯನ್ನು ಡಪ್ಪಿನ ಬಡಿತಕ್ಕೆ ಕೇಳಿದ ಮಗು ಅದನ್ನು ಮರೆಯಲಾರದು.

1948ರ ಮಾರ್ಚ್‌ನಲ್ಲಿ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ನಾಡು ಕನ್ನಡದ ಮೈಸೂರು ರಾಜ್ಯಕ್ಕೆ ಬಂತು. ಮುಂದಿನ ಮೂರು ದಶಕಗಳಲ್ಲಿ ಪ್ರವಾಸದ ಮಟ್ಟಿಗೆ ಹೇಳಿಕೊಳ್ಳುವಂಥದ್ದು ಆಗಲಿಲ್ಲ. ಆಮೇಲೆ ಬಂದದ್ದು ನೀರು.

ಕೃಷ್ಣೆ ಪಕ್ಕದಲ್ಲೇ ಹರಿದರೂ ಬೇಸಿಗೆಯಲ್ಲಿ ಜಮಖಂಡಿಯ ಹೊಲಗಳು ಒಣಗುತ್ತಿದ್ದವು. ಸರಕಾರಕ್ಕಾಗಿ ಕಾದು ಸೋತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, ಚಿಕ್ಕಪಡಸಲಗಿಯಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. 1989ರಲ್ಲಿ ಅದು ನಿಂತಿತು. ಹೆಸರು ಶ್ರಮಬಿಂದು ಸಾಗರ. ಎರಡು ವರ್ಷದ ನಂತರ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು; ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಅವರಿಗೆ ಕೊನೆಯವರೆಗೂ ಅಂಟಿಕೊಂಡಿತು. ದೊಡ್ಡ ಅಣೆಕಟ್ಟೆಗಳಂತೆ ಇಲ್ಲಿ ಕಾರಂಜಿಯಿಲ್ಲ, ಬಣ್ಣದ ದೀಪವಿಲ್ಲ. ಗೇಟುಗಳ ಸಾಲು, ಹಿಂದೆ ನಿಂತ ನೀರು, ದಂಡೆಯುದ್ದಕ್ಕೂ ಪಂಪುಸೆಟ್ಟುಗಳ ಪೈಪು, ಆಚೆಗೆ ಕಬ್ಬು. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಜಾಗಕ್ಕೆ ಹೋಗಲು ಸಮಯವಿರುವವರಿಗೆ ನಾನು ಹೇಳುವುದು ಇದನ್ನೇ.

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನ ಕಥೆ ಬೇರೆ. ಅದು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳನ್ನೂ ಕಪ್ಪುಮಣ್ಣಿನ ಹೊಲಗಳನ್ನೂ ನುಂಗಿತು. ಪುನರ್ವಸತಿಯ ಊರುಗಳಿಗೆ ಹೋದವರು ಹಳೆಯ ಊರಿನ ಹೆಸರನ್ನು ಜೊತೆಗೆ ಒಯ್ದರು. ನೀರು ಇಳಿದಾಗ ಮೇಲೇಳುವ ಕೆಸರು ದಂಡೆಗಳಲ್ಲಿ ಈಗ ರಾಜಹಂಸಗಳು ಇಳಿಯುತ್ತವೆ. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅನಗವಾಡಿ, ಹೆರಕಲ್ಲುಗಳ ಸುತ್ತ ಕ್ಯಾಮೆರಾ ಹಿಡಿದವರು ಬೇಸಿಗೆಗೆ ಮುಂಚೆ ಓಡಾಡುತ್ತಾರೆ. ಹಕ್ಕಿ ನೋಡಲು ಬಂದವರಿಗೆ ಆ ನೀರಿನಡಿ ಊರುಗಳಿವೆಯೆಂದು ಯಾರಾದರೂ ಹೇಳಬೇಕು. ಅದನ್ನು ಹೇಳದ ಪ್ರವಾಸೋದ್ಯಮ ಅಲ್ಲಿನ ಜನರ ತ್ಯಾಗವನ್ನು ಅಳಿಸಿಹಾಕುತ್ತದೆ.

1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ಸೀಮೆಗೆ ಎರಡು ಹೊಸ ಆಕರ್ಷಣೆಗಳು ಬಂದವು, ಎರಡೂ ಪ್ರಾಣಿಗಳದ್ದೇ. ಮೊದಲನೆಯದು ಮುಧೋಳದ ನಾಯಿ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ದೂರದ ಬೇಟೆಯನ್ನು ಕಣ್ಣಿನಿಂದಲೇ ಹಿಡಿಯುವ ಜಾತಿ. ಬೇಡರ, ಕುರುಬರ ಜೊತೆ ಬೆಳೆದ ಈ ತಳಿಯನ್ನು ಕೈಹಿಡಿದು ಉಳಿಸಿದವರು ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತೆರೆಯಿತು. ಸೇನೆ ಇವನ್ನು ತರಬೇತಿಗೆ ಒಯ್ದಿತು. 2020ರಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲೂ ಹೆಸರು ಬಂತು. ಮರಿ ಕೊಳ್ಳಲು ಬರುವವರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ಮಾರಾಟ ಹೆಚ್ಚಿದಂತೆ ಮಿಶ್ರತಳಿಯ ಮರಿಯನ್ನು ಅಸಲಿ ಎಂದು ಮಾರುವ ಅಪಾಯವೂ ಹೆಚ್ಚುತ್ತದೆ. ಬಯಲಲ್ಲಿ ಓಡುವುದನ್ನು ನೋಡಲು ಅವಕಾಶವಿದ್ದರೆ, ಕೊಳ್ಳದವರೂ ಬರುತ್ತಾರೆ.

ಎರಡನೆಯದು ಯಡಹಳ್ಳಿ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿದ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಈ ಪುಟ್ಟ ಹುಲ್ಲೆಗಾಗಿಯೇ ರಾಜ್ಯದಲ್ಲಿ ಮೀಸಲಾದ ಮೊದಲ ತಾಣ ಇದು. ತುಮಕೂರಿನ ಬುಕ್ಕಾಪಟ್ಟಣ ಬಂದದ್ದು 2019ರಲ್ಲಿ. ತೋಳ, ಕತ್ತೆಕಿರುಬಗಳೂ ಇಲ್ಲಿವೆ. ನಾಗರಹೊಳೆಯ ನಿರೀಕ್ಷೆ ಇಟ್ಟುಕೊಂಡು ಬಂದರೆ ನಿರಾಸೆ. ಕಾಡೆಂದರೆ ದಟ್ಟ ಹಸಿರು ಎಂದು ನಂಬಿದ ನಮ್ಮ ಕಣ್ಣಿಗೆ ಜಾಲಿ, ಕವಳಿ, ಒಣಹುಲ್ಲಿನ ಗುಡ್ಡಗಳೂ ಕಾಡೇ ಎಂದು ಕಲಿಸುವ ಜಾಗವಿದು. ಇಂಥ ಬಯಲನ್ನು ಬಂಜರು ಎಂದು ಬರೆದು ಗಣಿಗೋ ಕಾರ್ಖಾನೆಗೋ ಕೊಟ್ಟುಬಿಡುವುದು ನಮ್ಮಲ್ಲಿ ಬಹಳ ಸುಲಭ. ಯಡಹಳ್ಳಿ ಅದರಿಂದ ಪಾರಾಗಿದೆ.

ಬೀಳಗಿಯ ಬಗ್ಗೆ ಇನ್ನೊಂದು ಮಾತು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದ ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಬೀಳಗಿಯಲ್ಲಿ. ಅಕ್ಕ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಯಲ್ಲಿ ಹೆಸರು ಮಾಡಿದವರು. ಹುಟ್ಟೂರಿನ ನಾಡನ್ನೇ ಹೆಸರಾಗಿಸಿಕೊಂಡು ಮುಂಬಯಿಯಲ್ಲಿ ಹಾಡಿದ ಈ ಅಕ್ಕತಂಗಿಯರನ್ನು ನೆನೆದುಕೊಂಡು ಬೀಳಗಿಗೆ ಹೋಗುವವರು ಅಪರೂಪ.

ಕೊನೆಗೆ ರಬಕವಿ–ಬನಹಟ್ಟಿ, ನನ್ನ ಪಾಲಿಗೆ ಎಲ್ಲಕ್ಕಿಂತ ತುರ್ತಿನ ಜಾಗ. ಈ ಅವಳಿ ಊರುಗಳ ಓಣಿಗಳಲ್ಲಿ ಮಗ್ಗದ ಸದ್ದೇ ಗಡಿಯಾರ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಹಿರಿಯರು, ಕಂಡಿಕೆ ಸುತ್ತುವ ಹೆಂಗಸರು, ಬಣ್ಣ ಹಾಕಿ ಬಿಸಿಲಿಗೆ ಒಣಗಲು ಬಿಟ್ಟ ನೂಲು. ಪಾವರ್‌ಲೂಮು ಬಂದ ಮೇಲೆ ಕೈಮಗ್ಗ ಹಿಂದೆ ಸರಿಯುತ್ತ ಬಂದಿದೆ. ಈಗ ಪಾವರ್‌ಲೂಮಿನವರಿಗೂ ನೂಲಿನ ಬೆಲೆ, ಮಾರುಕಟ್ಟೆಯ ಏರಿಳಿತಗಳು ಉಸಿರು ಕಟ್ಟಿಸುತ್ತಿವೆ. ಇಳಕಲ್ಲಿಗೆ ಸೀರೆಯಿಂದ, ಗುಳೇದಗುಡ್ಡಕ್ಕೆ ಖಣದಿಂದ ಹೆಸರಿದೆ. ಬನಹಟ್ಟಿಯ ಹತ್ತಿ ಸೀರೆ ಉಟ್ಟ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಬನಹಟ್ಟಿಯದೆಂದು ಗೊತ್ತಿಲ್ಲ.

ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಪ್ರಾಂತದ ಉದಾಹರಣೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅಫೀಮು ಬೆಳೆಯುತ್ತಿದ್ದ ದೊಯ್ ತುಂಗ್ ಬೆಟ್ಟಗಳಲ್ಲಿ 1988ರಲ್ಲಿ ರಾಜಮಾತೆ ಆರಂಭಿಸಿದ ಯೋಜನೆ ಕಾಡು ಬೆಳೆಸಿತು, ಕಾಫಿ ಹಾಕಿಸಿತು, ಬುಡಕಟ್ಟಿನ ಹೆಂಗಸರಿಗೆ ನೇಯ್ಗೆಯ ಕಾರ್ಯಾಗಾರ ಕೊಟ್ಟಿತು. ಅಲ್ಲಿಗೆ ಹೋದವರು ಉದ್ಯಾನದ ಜೊತೆಗೆ ಮಗ್ಗವನ್ನೂ ನೋಡಿ, ಅಲ್ಲೇ ನೇಯ್ದ ಬಟ್ಟೆ ಕೊಂಡು ಬರುತ್ತಾರೆ. ದುಡ್ಡು ಮಧ್ಯವರ್ತಿಯ ಕೈಯಲ್ಲಿ ನಿಲ್ಲದೆ ನೇಯ್ದವರನ್ನು ತಲುಪುವಂತೆ ವ್ಯವಸ್ಥೆ ಕಟ್ಟಿದ್ದೇ ಅದರ ಬಲ. ಬನಹಟ್ಟಿಯಲ್ಲಿ ನೇಯ್ಗೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮನೆಗೆ ಬಂದವರನ್ನು ‘ಬರ್ರಿ, ಕುಂದರ್ರಿ’ ಎಂದು ಕರೆಯುವ ಜನರೂ ಇದ್ದಾರೆ. ಬೇಕಾದದ್ದು ನೇಕಾರರ ಸಂಘದ ಕೈಯಲ್ಲೇ ನಡೆಯುವ ಒಂದು ಅಂಗಡಿ, ನೋಡಲು ಬಂದವರು ಮಗ್ಗದ ಮನೆಗೆ ಸಂದಾಯ ಮಾಡುವ ನ್ಯಾಯವಾದ ಶುಲ್ಕ, ಸೀರೆಯ ಸೆರಗಿಗೆ ನೇಯ್ದವರ ಊರಿನ ಹೆಸರು.

ಬಾಗಲಕೋಟೆ–ಕುಡಚಿ ರೈಲು ಮಾರ್ಗ ಈ ಎಲ್ಲವನ್ನೂ ಬದಲಿಸಬಲ್ಲದು. 142 ಕಿಲೋಮೀಟರಿನ ಈ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿ ಒಂದೂವರೆ ದಶಕ ಕಳೆದಿದೆ. ಹಳಿ ಬಾಗಲಕೋಟೆಯ ಕಡೆಯಿಂದ ನಿಧಾನವಾಗಿ ಸಾಗಿದೆ. ಅದು ಮುಧೋಳ, ಜಮಖಂಡಿ, ತೇರದಾಳಗಳನ್ನು ದಾಟಿ ಕುಡಚಿ ಸೇರಿದ ದಿನ, ಬಾದಾಮಿಗೆ 1884ರಲ್ಲಿ ಸಿಕ್ಕ ಅನುಕೂಲ ಈ ಸೀಮೆಗೂ ಸಿಗುತ್ತದೆ. ಅಲ್ಲಿಯವರೆಗೆ ಬಾದಾಮಿಯಲ್ಲಿ ತಂಗಿದವರಿಗೆ ಬಾಡಿಗೆ ಕಾರೇ ಗತಿ. ಬೆಳಿಗ್ಗೆ ಬೇಗ ಹೊರಟು ಯಡಹಳ್ಳಿ, ಹಲಗಲಿ, ಮುಧೋಳ ಮುಗಿಸಿ ಜಮಖಂಡಿಯಲ್ಲಿ ರಾತ್ರಿ ತಂಗಿದರೆ, ಮರುದಿನಕ್ಕೆ ಚಿಕ್ಕಪಡಸಲಗಿ, ತೇರದಾಳ, ಬನಹಟ್ಟಿ ಸಲೀಸಾಗಿ ಸಿಗುತ್ತವೆ. ಬನಹಟ್ಟಿಗೆ ಹಗಲಿನಲ್ಲೇ ಹೋಗಿ. ಮಗ್ಗಗಳು ನಡೆಯುತ್ತಿರುವಾಗಲೇ ಆ ಊರನ್ನು ನೋಡಬೇಕು.